ಐವತ್ತೆರಡರಲ್ಲಿ ಇಪ್ಪತ್ತೇಳು ಹೋದರೆ

ಬಿ.ಎಸ್ಸಿ. ಮುಗಿಸಿ, ಬಿ.ಇಡಿ. ಮುಗಿಸಿ, ಟಿಇಟಿ ಪಾಸಾಗಿ, 2022ರಲ್ಲಿ 15 ಸಾವಿರ ಪದವೀಧರ ಪ್ರಾಥಮಿಕ ಶಿಕ್ಷಕರ ಹುದ್ದೆಗೆ ಪರೀಕ್ಷೆ ಬರೆದು, ಪಟ್ಟಿಯಲ್ಲಿ ಹೆಸರಿಲ್ಲದೆ ಊರಿಗೆ ಮರಳಿದವರಲ್ಲಿ ನಾನೂ ಒಬ್ಬ. ಊರು ಸುರಪುರ ತಾಲ್ಲೂಕಿನದು. ಎರಡು ವರ್ಷ ಮನೆಯ ಕಟ್ಟೆಯ ಮೇಲೆ ಟ್ಯೂಷನ್ ಹೇಳಿ, 2024ರ ಜೂನ್‌ನಲ್ಲಿ ಪಕ್ಕದೂರಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗೆ ಅತಿಥಿ ಶಿಕ್ಷಕನಾಗಿ ಸೇರಿಕೊಂಡೆ. ಆಗ ಗೌರವಧನ ತಿಂಗಳಿಗೆ 10 ಸಾವಿರ ಇತ್ತು. ‘ಅತಿಥಿ’ ಎನ್ನುವ ಪದವನ್ನೇ ನೋಡಿ. ಮನೆಗೆ ಬಂದ ಅತಿಥಿ ಹೊರಟು ನಿಂತರೆ ಇನ್ನೊಂದು ದಿನ ಇರಿ ಎಂದು ತಡೆಯುತ್ತೇವೆ. ಶಾಲೆಯ ಅತಿಥಿಯನ್ನು ವರ್ಷ ಮುಗಿದ ಮೇಲೆ ಯಾರೂ ತಡೆಯುವುದಿಲ್ಲ.

ಇದು ಅತಿಥಿ ಶಿಕ್ಷಕರ ಗೋಳಿನ ಕಥೆಯಲ್ಲ. ಅದನ್ನು ಬರೆಯಲು ಕೂತರೆ ಈ ಪುಟ ಸಾಲದು. ನಾನು ಹೇಳಹೊರಟಿರುವುದು ಒಂದು ಕಳೆಯುವ ಲೆಕ್ಕದ ಬಗ್ಗೆ.

ನನಗೆ ಸಿಕ್ಕಿದ್ದು ಐದನೇ ತರಗತಿಯ ಗಣಿತ. ಜುಲೈ ಎರಡನೇ ವಾರ ಒಬ್ಬ ಹುಡುಗಿ ಬಂದು ಹಿಂದಿನ ಸಾಲಿನಲ್ಲಿ ಕೂತಳು. ಅಪ್ಪ ಅಮ್ಮ ಬೆಂಗಳೂರಿಗೆ ಗುಳೆ ಹೋಗಿ ಕಟ್ಟಡದ ಕೆಲಸ ಮಾಡುವವರು. ಹಿಂದಿನ ದೀಪಾವಳಿ ಆದ ಮೇಲೆ ಹೋದವರು, ಮಳೆ ಹಿಡಿದ ಮೇಲೆ ವಾಪಸ್ ಬಂದಿದ್ದರು. ಇದು ನಮ್ಮ ಕಡೆ ಹೊಸದೇನಲ್ಲ. ಹಾಜರಿ ಪುಸ್ತಕದಲ್ಲಿ ನವೆಂಬರಿನಿಂದ ಸಾಲುಸಾಲಾಗಿ ಖಾಲಿ ಬೀಳುವ ಹೆಸರುಗಳು ಎಲ್ಲ ಶಾಲೆಯಲ್ಲೂ ಇರುತ್ತವೆ. ಕಪ್ಪುಹಲಗೆ ಮೇಲೆ 52ರಲ್ಲಿ 27 ಕಳೆಯಿರಿ ಎಂದು ಬರೆದೆ. ಅವಳು 35 ಎಂದು ಬರೆದಿದ್ದಳು. ‘ಪಕ್ಕದ ಮನೆಯಿಂದ ಒಂದು ತಗೋಬೇಕು ಅಂತ ಎಷ್ಟು ಸಲ ಹೇಳಬೇಕು?’ ಎಂದೆ. ಮರುದಿನ ಮತ್ತೆ ಅದೇ ತಪ್ಪು. ಎದ್ದು ನಿಲ್ಲಿಸಿ, ‘ಎರಡನೇತ್ತೆ ಹುಡುಗರ ಜೊತೆ ಹೋಗಿ ಕೂಡು’ ಎಂದುಬಿಟ್ಟೆ. ತರಗತಿ ನಕ್ಕಿತು. ಅವಳು ನಗಲಿಲ್ಲ. ಅಳಲೂ ಇಲ್ಲ. ಮೂರು ದಿನ ಶಾಲೆಗೆ ಬರಲಿಲ್ಲ.

ನನಗೆ ಆಗ ಅದು ದೊಡ್ಡ ವಿಷಯ ಅನ್ನಿಸಲಿಲ್ಲ ಎಂಬುದನ್ನು ಮುಚ್ಚಿಡುವುದಿಲ್ಲ. ನನಗೂ ಹಾಗೆಯೇ ಕಲಿಸಿದ್ದರು.

ನಮ್ಮ ಶಾಲೆಯಲ್ಲಿ ಇಪ್ಪತ್ತನಾಲ್ಕು ವರ್ಷ ಸರ್ವಿಸ್ ಆದ ಒಬ್ಬ ಟೀಚರ್ ಇದ್ದಾರೆ. ಆ ವಾರದ ಕೊನೆಗೆ ಅವರು ಕರೆದು, ‘ಸರ, ಶನಿವಾರ ಮಧ್ಯಾಹ್ನ ಏನ್ ಕೆಲಸ ಐತ್ರಿ ನಿಮಗ? ನನ್ ಜೊತಿ ಸುರಪುರಕ್ಕ ಬರ್ರಿ’ ಎಂದರು. ಎಲ್ಲಿಗೆ ಎಂದರೆ, ‘ಕಲಿಕಾ ಕೇಂದ್ರಕ್ಕ’ ಎಂದರು. ತರಬೇತಿ ಇರಬೇಕು, ಭತ್ಯೆ ಸಿಗಬಹುದು ಅಂದುಕೊಂಡು ಬಸ್ ಹತ್ತಿದೆ. ಭತ್ಯೆ ಇಲ್ಲ. ಚಹಾ ಇತ್ತು.

ಅದು ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನ ಶಿಕ್ಷಕರ ಕಲಿಕಾ ಕೇಂದ್ರ. ಗೋಡೆ ತುಂಬ ಪುಸ್ತಕ, ಮೂಲೆಯಲ್ಲಿ ಗಣಿತ ವಿಜ್ಞಾನದ ಸಾಮಾನು, ನೆಲಕ್ಕೆ ಜಮಖಾನ. ಇಪ್ಪತ್ತು ಇಪ್ಪತ್ತೆರಡು ಮಂದಿ ಶಿಕ್ಷಕರು ದುಂಡಗೆ ಕೂತಿದ್ದರು. ನಡೆಸಿಕೊಡುವವರು ಮೈಸೂರು ಕಡೆಯವರು. ‘ಬನ್ನಿ ಕೂತ್ಕೊಳ್ಳಿ’ ಎನ್ನುತ್ತಿದ್ದ ಮನುಷ್ಯ ನಮ್ಮ ಕಡೆ ಇದ್ದು ಇದ್ದು ಈಗ ‘ಬರ್ರಿ, ಕೂಡ್ರಿ’ ಎನ್ನುತ್ತಾರೆ. ನಾನು ಅತಿಥಿ ಶಿಕ್ಷಕ ಎಂದು ಪರಿಚಯ ಹೇಳಿಕೊಳ್ಳುವಾಗ ದನಿ ಸಣ್ಣದಾಯಿತು. ಯಾರೂ ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. ಯಾವ ತರಗತಿ, ಯಾವ ವಿಷಯ, ಮಕ್ಕಳೆಷ್ಟು ಎಂದಷ್ಟೇ ಕೇಳಿದರು.

ಅವತ್ತಿನ ವಿಷಯ ಭಿನ್ನರಾಶಿ. ಬೋರ್ಡಿನ ಮೇಲೆ ½ ÷ ¼ ಎಂದು ಬರೆದರು. ಉತ್ತರ 2. ನಾನು ಎಲ್ಲರಿಗಿಂತ ಮೊದಲು ಹೇಳಿದೆ. ಬಿ.ಎಸ್ಸಿ. ಅಲ್ಲವೇ? ಹೇಗೆ ಬಂತು ಎಂದರು. ‘ಎರಡನೆಯದನ್ನು ತಿರುಗಿಸಿ ಗುಣಿಸಬೇಕು’ ಎಂದೆ. ‘ಸರಿ, ಯಾಕ ತಿರುಗಿಸಬೇಕು?’ ಎಂದರು. ಉತ್ತರವಿಲ್ಲ. ‘ಹೋಗ್ಲಿ ಬಿಡ್ರಿ, ಇದಕ್ಕ ಒಂದು ಕಥೆ ಹೇಳ್ರಿ, ನಿಮ್ಮ ಮಕ್ಕಳಿಗೆ ಗೊತ್ತಿರೋ ಕಥೆ’ ಎಂದರು. ಹತ್ತು ನಿಮಿಷ ಇಡೀ ಕೋಣೆ ತಲೆ ಕೆಡಿಸಿಕೊಂಡಿತು. ಒಬ್ಬರು, ಅರ್ಧ ರೊಟ್ಟಿಯನ್ನು ಕಾಲು ಮಂದಿಗೆ ಹಂಚಿದರೆ ಎಂದು ಶುರು ಮಾಡಿ, ಕಾಲು ಮಂದಿ ಎಂದರೇನು ಎಂದು ತಮಗೇ ನಗು ಬಂದು ನಿಲ್ಲಿಸಿದರು. ಕೊನೆಗೆ ನಮ್ಮ ಟೀಚರ್ರೇ ಹೇಳಿದರು: ‘ಬುಟ್ಟ್ಯಾಗ ಅರ್ಧ ರೊಟ್ಟಿ ಐತಿ. ಸಣ್ಣ ಹುಡುಗರಿಗೆ ತಲಿಗೆ ಕಾಲು ರೊಟ್ಟಿ ಕೊಟ್ರ, ಎಷ್ಟು ಹುಡುಗರಿಗೆ ಬರ್ತದ?’ ಇಬ್ಬರಿಗೆ. ಅಷ್ಟೇ! ಭಾಗಿಸಿದರೂ ಉತ್ತರ ಯಾಕೆ ದೊಡ್ಡದಾಯಿತು ಎಂಬುದು ಹದಿನೈದು ವರ್ಷ ಗಣಿತ ಓದಿದ ನನಗೆ ಅವತ್ತು ಜಮಖಾನದ ಮೇಲೆ ಕೂತು ತಿಳಿಯಿತು. ಅರ್ಧ, ಕಾಲು, ಮುಕ್ಕಾಲು ಎನ್ನುವ ಪದಗಳು ನಮ್ಮ ಮಕ್ಕಳ ಬಾಯಲ್ಲಿ ದಿನಾ ಇವೆ. ನಾವು ಅವನ್ನು ಬಿಟ್ಟು ಅಂಶ, ಛೇದ ಎಂದು ಶುರು ಮಾಡುತ್ತೇವೆ.

ಚಹಾ ಹೊತ್ತಿನಲ್ಲಿ ನನ್ನ ಹುಡುಗಿಯ ಸಂಗತಿ ಹೇಳಿದೆ. ನಿಲ್ಲಿಸಿ ಬೈದಿದ್ದನ್ನು ಹೇಳಲಿಲ್ಲ. 35 ಬರೆದದ್ದು ಮಾತ್ರ ಹೇಳಿದೆ. ಆ ಮೈಸೂರಿನವರು ಚಹಾದ ಲೋಟ ಕೆಳಗಿಟ್ಟು, ‘ಅವಳು ತಪ್ಪು ಮಾಡುವಾಗ ಯಾವ ನಿಯಮ ಪಾಲಿಸ್ತಿದ್ದಾಳೆ, ಹೇಳಿ ನೋಡೋಣ’ ಎಂದರು. ನಾನು ಅದನ್ನು ಯೋಚಿಸಿಯೇ ಇರಲಿಲ್ಲ. 5ರಲ್ಲಿ 2 ಹೋದರೆ 3. 2ರಲ್ಲಿ 7 ಹೋಗುವುದಿಲ್ಲ, ಆದರೆ 7ರಲ್ಲಿ 2 ಹೋಗುತ್ತದೆ, ಉಳಿದದ್ದು 5. ದೊಡ್ಡದರಿಂದ ಚಿಕ್ಕದನ್ನು ಕಳೆ ಎಂದು ಒಂದನೇ ತರಗತಿಯಿಂದ ನಾವೇ ಹೇಳಿಕೊಟ್ಟಿದ್ದೇವೆ. ಅವಳು ಅದನ್ನೇ ಚಾಚೂ ತಪ್ಪದೆ ಮಾಡಿದ್ದಾಳೆ. 52 ಎಂದರೆ ಐದು ಹತ್ತು ಮತ್ತು ಎರಡು ಬಿಡಿ ಎಂಬುದು ಮಾತ್ರ ಅವಳ ತನಕ ತಲುಪಿಲ್ಲ. ತಲುಪಿಸಬೇಕಾಗಿದ್ದವರು ನಾವು. ಅವಳು ಪಾಲಿಸಿದ ನಿಯಮವೂ ನಮ್ಮದೇ.

‘ಅಂಗಡಿಗೆ ಕಳಿಸಿದ್ರೆ ಚಿಲ್ಲರೆ ಸರಿಯಾಗಿ ತರ್ತಾಳಾ? ಕೇಳಿ ನೋಡಿ’ ಎಂದೂ ಹೇಳಿದರು. 1980ರ ದಶಕದಲ್ಲಿ ಬ್ರೆಜಿಲ್ಲಿನ ರೆಸಿಫೆ ಎಂಬ ಊರಿನಲ್ಲಿ ಬೀದಿಯಲ್ಲಿ ಎಳನೀರು, ಹಣ್ಣು ಮಾರುವ ಮಕ್ಕಳನ್ನು ಸಂಶೋಧಕರು ಮಾತನಾಡಿಸಿದ ಕಥೆಯನ್ನು ಅವರು ಹೇಳಿದರು. ವ್ಯಾಪಾರದಲ್ಲಿ ಬಾಯಿಲೆಕ್ಕದಿಂದ ಪಟಪಟ ಸರಿ ಉತ್ತರ ಹೇಳುತ್ತಿದ್ದ ಅದೇ ಮಕ್ಕಳು, ಅದೇ ಲೆಕ್ಕವನ್ನು ಕಾಗದದ ಮೇಲೆ ಕೊಟ್ಟಾಗ ತಪ್ಪುತ್ತಿದ್ದರಂತೆ.

ಸೋಮವಾರ ಅವಳ ಮನೆಗೆ ಹೋದೆ. ಅಜ್ಜಿ ಕಟ್ಟೆ ಮೇಲೆ ಕೂತಿದ್ದಳು. ಹುಡುಗಿ ಬಾಗಿಲ ಹಿಂದೆ ನಿಂತಳು. ಕ್ಷಮೆ ಕೇಳುವುದು ನಮಗೆ ಯಾರೂ ಕಲಿಸಿಲ್ಲ ನೋಡಿ, ‘ನಾಳಿಯಿಂದ ಸಾಲಿಗೆ ಬಾ ಅವ್ವಾ, ನಾ ಬೈಯ್ಯಾಂಗಿಲ್ಲ’ ಎಂದೆ. ಬಂದಳು. ಕೇಳಿದೆ: ಅಂಗಡಿಗೆ 52 ರೂಪಾಯಿ ಒಯ್ದಿ, 27 ರೂಪಾಯಿ ಸಾಮಾನು ತಂದಿ, ಎಷ್ಟು ಉಳೀತು? ಒಂದು ಕ್ಷಣ ಕಣ್ಣು ಮೇಲೆ ಮಾಡಿ, ‘ಇಪ್ಪತ್ತೇಳಕ್ಕ ಮೂರು ಹಾಕಿದ್ರ ಮೂವತ್ತು, ಮತ್ತ ಇಪ್ಪತ್ತು ಹಾಕಿದ್ರ ಐವತ್ತು, ಮ್ಯಾಲ ಎರಡು. ಇಪ್ಪತ್ತೈದ್ರೀ ಸರ’ ಎಂದಳು. ಬೆಂಗಳೂರಿನ ಶೆಡ್ಡಿನ ಹತ್ತಿರದ ಅಂಗಡಿಗೆ ಅಮ್ಮ ಅವಳನ್ನೇ ಕಳಿಸುತ್ತಿದ್ದಳಂತೆ. ಎರಡನೇ ತರಗತಿಗೆ ಕಳಿಸುತ್ತೇನೆ ಎಂದು ನಾನು ಹೆದರಿಸಿದ ಹುಡುಗಿ ಇವಳು.

ಆಮೇಲೆ ತೊಗರಿ ಕಟ್ಟಿಗೆಯ ಕಡ್ಡಿ ತಂದು ಹತ್ತತ್ತರ ಕಟ್ಟು ಕಟ್ಟಿದೆವು. ಐದು ಕಟ್ಟು, ಎರಡು ಬಿಡಿ. ಏಳು ಬಿಡಿ ಕೊಡಬೇಕಾದರೆ ಒಂದು ಕಟ್ಟು ಬಿಚ್ಚಲೇಬೇಕು. ‘ಪಕ್ಕದ ಮನೆಯಿಂದ ತಗೋ’ ಎಂದು ನಾನು ತಿಂಗಳಿಂದ ಕೂಗುತ್ತಿದ್ದುದರ ಅರ್ಥ ಆ ಹಗ್ಗ ಬಿಚ್ಚುವಲ್ಲಿ ಇತ್ತು.

ಫೌಂಡೇಶನ್ ನಮ್ಮ ಕಡೆ ಬಂದು ಎರಡು ದಶಕ ಆಯಿತು. ವಿಪ್ರೋದ ಅಜೀಂ ಪ್ರೇಮ್‌ಜಿ ಅವರು ಇದನ್ನು ಕಟ್ಟಿದ್ದು ಈ ಶತಮಾನದ ಆರಂಭದಲ್ಲಿ. ಶುರುವಿನಲ್ಲಿ ಶಾಲೆಗಳಿಗೆ ಕಂಪ್ಯೂಟರ್ ಪಾಠ ಒದಗಿಸುವ ಪ್ರಯತ್ನ ಮಾಡಿದರು. 2002ರ ಹೊತ್ತಿಗೆ ರಾಜ್ಯ ಸರ್ಕಾರದ ಜೊತೆ ಸೇರಿ ಈಶಾನ್ಯ ಕರ್ನಾಟಕದ ಜಿಲ್ಲೆಗಳಲ್ಲಿ ‘ಕಲಿಕಾ ಖಾತರಿ’ ಯೋಜನೆ ಬಂತು. ಮಕ್ಕಳು ನಿಜವಾಗಿ ಕಲಿತಿದ್ದಾರೆಂದು ಹೊರಗಿನವರ ಪರೀಕ್ಷೆಯಲ್ಲಿ ಸಾಬೀತಾದರೆ ಶಾಲೆಗೆ ಬಹುಮಾನ. ಯಂತ್ರದಿಂದಲೂ ಬಹುಮಾನದಿಂದಲೂ ಆಗುವುದಕ್ಕೆ ಒಂದು ಮಿತಿ ಇದೆ, ತರಗತಿಯಲ್ಲಿ ನಿಂತ ಶಿಕ್ಷಕರ ಜೊತೆ ವರ್ಷಗಟ್ಟಲೆ ಇರಬೇಕು ಎಂಬ ದಾರಿಗೆ ಅವರು ಬಂದದ್ದು ಆಮೇಲೆ. ಯಾದಗಿರಿ ಪ್ರತ್ಯೇಕ ಜಿಲ್ಲೆಯಾಗುವುದಕ್ಕೂ ಮೊದಲೇ ಸುರಪುರ ತಾಲ್ಲೂಕಿನಲ್ಲಿ ಮಕ್ಕಳಸ್ನೇಹಿ ಶಾಲೆಗಳ ಕೆಲಸ ನಡೆದಿತ್ತು. ಈಗ ಇರುವುದು ಕಲಿಕಾ ಕೇಂದ್ರಗಳು, ಸ್ವಯಂಪ್ರೇರಿತ ಶಿಕ್ಷಕರ ವೇದಿಕೆಗಳು, ರಜೆಯ ಕಾರ್ಯಾಗಾರಗಳು, ಮಕ್ಕಳೇ ನಿಂತು ವಿವರಿಸುವ ಮೇಳಗಳು. ಕೆಲಸ ಮುಖ್ಯವಾಗಿ ಸರ್ಕಾರಿ ಶಾಲೆಗಳ ಜೊತೆ. ರಾಜಸ್ಥಾನ, ಉತ್ತರಾಖಂಡ, ಛತ್ತೀಸಗಡ, ಮಧ್ಯಪ್ರದೇಶಗಳಲ್ಲೂ ಇದೇ ಕ್ರಮ. ದುಡ್ಡು ಎಲ್ಲಿಂದ ಎಂದು ನಮ್ಮಪ್ಪ ಕೇಳಿದ. ವಿಪ್ರೋದಲ್ಲಿ ಪ್ರೇಮ್‌ಜಿಯವರಿಗಿದ್ದ ಷೇರಿನ ಬಹುಪಾಲು ಆದಾಯ ಇದಕ್ಕೆ ಮೀಸಲು. 2019ರ ಹೊತ್ತಿಗೆ ಹಾಗೆ ಮೀಸಲಿಟ್ಟದ್ದರ ಮೌಲ್ಯ 1.45 ಲಕ್ಷ ಕೋಟಿ ರೂಪಾಯಿ. ‘ಅಂದ್ರ ತತ್ತಿ ಕೊಡಾವ್ರು ಅವ್ರೇ ಏನು?’ ಎಂದ ಅಪ್ಪ. ಹೌದು, ಬಿಸಿಯೂಟದಲ್ಲಿ ಸರ್ಕಾರ ವಾರಕ್ಕೆ ಎರಡು ದಿನ ಮೊಟ್ಟೆ ಕೊಡುತ್ತಿತ್ತು, ಉಳಿದ ನಾಲ್ಕು ದಿನದ್ದು 2024ರಿಂದ ಅವರದು. ಊರಿನಲ್ಲಿ ಇಪ್ಪತ್ತು ವರ್ಷದ ಶಿಕ್ಷಕರ ಕೆಲಸಕ್ಕಿಂತ ಮೊಟ್ಟೆಯಿಂದಲೇ ಅವರ ಹೆಸರು ಗೊತ್ತಾಗಿದೆ. ಕಾಣುವುದಕ್ಕೇ ಅಲ್ಲವೇ ಹೆಸರು!

ಸರ್ಕಾರ ತರಬೇತಿ ಕೊಡುವುದಿಲ್ಲ ಎಂದಲ್ಲ. 1986ರ ಶಿಕ್ಷಣ ನೀತಿಯಿಂದ ಹುಟ್ಟಿದ ಡಯಟ್‌ಗಳು ಜಿಲ್ಲೆಗಳಲ್ಲಿವೆ, ತಾಲ್ಲೂಕಿಗೆ ಬಿಆರ್‌ಸಿ ಇದೆ, ಕ್ಲಸ್ಟರಿಗೆ ಸಿಆರ್‌ಪಿ ಇದ್ದಾರೆ. 2020ರ ನೀತಿಯಂತೂ ಪ್ರತಿ ಶಿಕ್ಷಕರಿಗೂ, ಮುಖ್ಯಶಿಕ್ಷಕರಿಗೂ ವರ್ಷಕ್ಕೆ 50 ಗಂಟೆಗಳ ವೃತ್ತಿ ಕಲಿಕೆ ಸಿಗಬೇಕು ಎನ್ನುತ್ತದೆ. ತೊಡಕು ಇರುವುದು ಸಾಗುವ ದಾರಿಯಲ್ಲಿ. ಬೆಂಗಳೂರಿನಲ್ಲಿ ಕಲಿತವರು ಜಿಲ್ಲೆಯವರಿಗೆ, ಜಿಲ್ಲೆಯವರು ತಾಲ್ಲೂಕಿನವರಿಗೆ, ಅವರು ನಮಗೆ. ಕಾಲುವೆಯ ನೀರಿನಂತೆ, ಮೇಲಿನ ಹೊಲಕ್ಕೆ ಹರಿದಷ್ಟು ಟೇಲ್‌ಎಂಡಿಗೆ ಬರುವುದಿಲ್ಲ. ನಾರಾಯಣಪುರ ಕಾಲುವೆಯ ಕೊನೆಯ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಜೊತೆಗೆ, ಅಲ್ಲಿ ಮಾಡ್ಯೂಲ್ ಮುಗಿಸುವ ಅವಸರ. ನನ್ನ ತರಗತಿಯ ಆ ಒಬ್ಬ ಹುಡುಗಿಯ 35ಕ್ಕೆ ಯಾವ ಮಾಡ್ಯೂಲಿನಲ್ಲಿ ಜಾಗವಿದೆ?

ನಮ್ಮ ದೊಡ್ಡ ಸರ, ಅಂದರೆ ಮುಖ್ಯಶಿಕ್ಷಕರು, ಮುಖ್ಯಶಿಕ್ಷಕರಿಗಾಗಿ ನಡೆಯುವ ಸಭೆಗೆ ಮೊದಲು ಒಲ್ಲೆ ಎನ್ನುತ್ತಲೇ ಹೋದವರು. ಅಲ್ಲಿ ಅವರಿಗೆ ಒಂದು ವಾರ ದಿನಚರಿ ಬರೆಯಲು ಹೇಳಿದರಂತೆ. ಬೆಳಿಗ್ಗೆ ಅಕ್ಕಿ ಬೇಳೆ ತೂಕ, ಮೊಟ್ಟೆ ಎಣಿಕೆ, ಎಸ್‌ಎಟಿಎಸ್‌ನಲ್ಲಿ ಮಾಹಿತಿ ತುಂಬುವುದು, ಶೂ ಸಾಕ್ಸಿನ ಬಿಲ್ಲು, ಎಸ್‌ಡಿಎಂಸಿ ಸಹಿ, ಬಿಇಒ ಆಫೀಸಿನ ಫೋನು. ವಾರದ ಕೊನೆಗೆ ಕೂಡಿಸಿ ನೋಡಿದರೆ ಮಕ್ಕಳ ಓದು ಬರಹದ ಬಗ್ಗೆ ಯಾರ ಜೊತೆಯಾದರೂ ಮಾತನಾಡಿದ್ದು ಒಟ್ಟು ಇಪ್ಪತ್ತು ನಿಮಿಷ. ಅದರಲ್ಲಿ ಹನ್ನೆರಡು ನಿಮಿಷ ನನ್ನನ್ನು ಬೈದದ್ದು! ಇದನ್ನು ಅವರೇ ನಗುತ್ತ ಹೇಳಿದರು. ಈಗ ದಿನಕ್ಕೊಂದು ಪೀರಿಯಡ್ ಯಾವುದಾದರೊಂದು ತರಗತಿಯ ಹಿಂದಿನ ಬೆಂಚಿನಲ್ಲಿ ಬಂದು ಕೂಡುತ್ತಾರೆ. ತಪ್ಪು ಹಿಡಿಯಲು ಬಂದರೆಂದು ನಾವು ಮೊದಲ ವಾರ ಬೆವರಿದೆವು. ಆಮೇಲೆ ನೋಡಿದರೆ ಅವರು ಮಕ್ಕಳ ನೋಟ್‌ಬುಕ್ ತೆಗೆದು ನೋಡುತ್ತಿದ್ದರು. ಲಂಬಾಣಿ ತಾಂಡಾದ ಮೂವರು ಮಕ್ಕಳು ಮಾತಿಲ್ಲದೆ ಕೂಡುತ್ತಾರೆ ಎಂದು ಮೊದಲು ಗುರುತಿಸಿದ್ದು ಅವರೇ. ಮನೆಯಲ್ಲಿ ಲಂಬಾಣಿ, ಓಣಿಯಲ್ಲಿ ನಮ್ಮ ಕನ್ನಡ, ಪುಸ್ತಕದಲ್ಲಿ ಮತ್ತೊಂದು ಕನ್ನಡ. ಮೂರು ಹೊಳೆ ದಾಟಿ ಬರಬೇಕು ಆ ಮಕ್ಕಳು. ಈಗ ಅವರಲ್ಲಿ ಒಬ್ಬ ತಾಂಡಾದ ಕಥೆಯನ್ನು ತನ್ನ ಭಾಷೆಯಲ್ಲೇ ಹೇಳುತ್ತಾನೆ, ಇನ್ನೊಬ್ಬಳು ಅದನ್ನು ಕನ್ನಡಕ್ಕೆ ತಿರುಗಿಸುತ್ತಾಳೆ.

ಹೀಗೆಂದ ಮಾತ್ರಕ್ಕೆ ಎಲ್ಲ ಸರಿಹೋಗಿದೆ ಎಂದು ಬರೆದರೆ ಅದು ಸುಳ್ಳು. 2024ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಯಾದಗಿರಿ ರಾಜ್ಯಕ್ಕೇ ಕೊನೆ. ಪಾಸಾದವರು ಶೇ 50ರ ಆಸುಪಾಸು. ಉಡುಪಿ ಶೇ 94. ಕೋಚಿಂಗ್‌ನ ಗೆಳೆಯನೊಬ್ಬ ಅದೇ ಪ್ರಶ್ನೆಯನ್ನು ನನ್ನ ಮುಖಕ್ಕೆ ಹಿಡಿದ: ‘ಇಪ್ಪತ್ತು ವರ್ಷ ಫೌಂಡೇಶನ್ ಇದ್ದು ಏನಾತು ಹಂಗಾದ್ರ?’ ನಾನು ಬಹಳ ದಿನ ಇದನ್ನು ತಲೆಯಲ್ಲಿಟ್ಟು ತಿರುಗಿದೆ. ಹೆಚ್ಚಿನ ಕೆಲಸ ನಡೆದಿರುವುದು ಪ್ರಾಥಮಿಕ ಶಾಲೆಗಳಲ್ಲಿ ಎನ್ನಬಹುದು. ಆ ವರ್ಷ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂದು ನಕಲು ನಿಂತಿತು, ಇಡೀ ರಾಜ್ಯದ ಫಲಿತಾಂಶವೇ ಇಳಿಯಿತು ಎನ್ನಬಹುದು. ಖಾಲಿ ಹುದ್ದೆ, ಗುಳೆ, ಹತ್ತಿ ಬಿಡಿಸಲು ಹೋಗುವ ಮಕ್ಕಳು, ಎಲ್ಲವೂ ನಿಜ. ಆದರೂ ಪ್ರಶ್ನೆ ಪೂರ್ತಿ ಕರಗುವುದಿಲ್ಲ. ಸ್ವಂತ ಇಚ್ಛೆಯಿಂದ ಬರುವ ವೇದಿಕೆ ಎಂದ ಮೇಲೆ, ಬರುವವರು ಮೊದಲೇ ಆಸಕ್ತಿ ಇದ್ದವರು. ಬರಲೇಬೇಕಾದವರು ಶನಿವಾರ ಮಧ್ಯಾಹ್ನ ಮನೆಯಲ್ಲಿರುತ್ತಾರೆ. ಸಂಜೆ ಐದರ ಬಸ್ ತಪ್ಪಿದರೆ ಊರು ಸೇರಲಾಗದ ಶಿಕ್ಷಕಿಯರು ಅರ್ಧಕ್ಕೇ ಎದ್ದು ಹೋಗಬೇಕಾಗುತ್ತದೆ. ಒತ್ತಾಯ ಮಾಡಿ ಎಲ್ಲರನ್ನೂ ಕೂಡಿಸಿದರೆ ಅದು ಮತ್ತೊಂದು ಕಡ್ಡಾಯ ತರಬೇತಿ ಆಗುತ್ತದೆ, ಸಹಿ ಹಾಕಿ ಹೋಗುವವರೇ ಹೆಚ್ಚಾಗುತ್ತಾರೆ. ಈ ಗಂಟು ಹೇಗೆ ಬಿಚ್ಚುವುದೋ ನನಗೆ ಗೊತ್ತಿಲ್ಲ. ನಮ್ಮ ಶಾಲೆಯ ಆರು ಮಂದಿಯಲ್ಲಿ ಮೂವರು ಹೋಗುತ್ತೇವೆ. ಮೊದಲು ಒಬ್ಬರೇ ಹೋಗುತ್ತಿದ್ದರು ಎಂಬುದಷ್ಟೇ ನನಗೆ ಗೊತ್ತಿರುವ ಅಂಕಿ ಅಂಶ.

ಕೆಲಸ ಹುಡುಕುತ್ತಿರುವ ಗೆಳೆಯರಿಗೆ ಒಂದು ಮಾತು. ಬಿ.ಇಡಿ. ಎಂದರೆ ಸರ್ಕಾರಿ ಮೇಷ್ಟ್ರ ಕೆಲಸ ಅಥವಾ ಏನೂ ಇಲ್ಲ ಎಂದು ನಾವು ಅಂದುಕೊಂಡಿದ್ದೇವೆ. ಶಿಕ್ಷಕರ ಜೊತೆ ಕೆಲಸ ಮಾಡುವುದೇ ಒಂದು ವೃತ್ತಿ ಎಂಬುದು ನನಗೂ ಗೊತ್ತಿರಲಿಲ್ಲ. ಫೌಂಡೇಶನ್ನಿನ ಕ್ಷೇತ್ರ ಕೆಲಸಕ್ಕೆ ಯುವಕರನ್ನು ಪರೀಕ್ಷೆ, ಸಂದರ್ಶನ ನಡೆಸಿ ತೆಗೆದುಕೊಳ್ಳುತ್ತಾರೆ. ಅಲ್ಲಿ ಕೇಳುವುದು ಸಾಮಾನ್ಯಜ್ಞಾನಕ್ಕಿಂತ ನಿಮ್ಮ ವಿಷಯದ ತಿಳಿವಳಿಕೆಯನ್ನು. 2010ರಲ್ಲಿ ರಾಜ್ಯದ ಕಾಯ್ದೆಯಡಿ ಶುರುವಾದ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಲ್ಲಿ ಎಜುಕೇಶನ್‌ನಲ್ಲಿ ಎಂ.ಎ. ಇದೆ, ಅಗತ್ಯ ಇದ್ದವರಿಗೆ ಶುಲ್ಕದಲ್ಲಿ ನೆರವೂ ಇದೆ. ಬೆಂಗಳೂರಿನ ಅಕ್ಷರ ಫೌಂಡೇಶನ್ ಗಣಿತದ ಮೇಲೆ, ಶಿಕ್ಷಾಲೋಕಂ ಶಾಲಾ ನಾಯಕತ್ವದ ಮೇಲೆ ಕೆಲಸ ಮಾಡುತ್ತವೆ. ಪಿಂಚಣಿ ಇಲ್ಲ, ಕುರ್ಚಿ ಇಲ್ಲ, ಬೈಕ್ ಮೇಲೆ ಹಳ್ಳಿ ಹಳ್ಳಿ ಸುತ್ತಬೇಕು, ‘ನೀ ಎಷ್ಟು ವರ್ಷ ಪಾಠ ಮಾಡೀಯೋ ತಮ್ಮಾ, ನಮಗ ಹೇಳಾಕ ಬಂದಿ?’ ಎಂಬ ಪ್ರಶ್ನೆಗೆ ಸಿದ್ಧರಿರಬೇಕು. ನಮ್ಮವ್ವನ ಲೆಕ್ಕದಲ್ಲಿ ಇದು ನೌಕರಿಯೇ ಅಲ್ಲ, ಹೆಣ್ಣು ಕೇಳಲು ಹೋದರೆ ಹೇಳಿಕೊಳ್ಳಲು ಬರುವುದಿಲ್ಲ. ನಾನು ಅರ್ಜಿ ತುಂಬಿಟ್ಟಿದ್ದೇನೆ, ಕಳಿಸಿಲ್ಲ. ಮತ್ತೊಂದು ಶಿಕ್ಷಕರ ನೇಮಕಾತಿ ಆದರೆ ಮೊದಲು ಅದನ್ನೇ ಬರೆಯುತ್ತೇನೆ. ನನಗೆ ತರಗತಿ ಬೇಕು, ಕಡ್ಡಿ ಕಟ್ಟು ಬೇಕು. ಎರಡು ಮನಸ್ಸು ಇರುವುದನ್ನು ಇಲ್ಲ ಎನ್ನುವುದಿಲ್ಲ.

ದೀಪಾವಳಿ ಹತ್ತಿರ ಬಂತು. ಹುಡುಗಿಯ ಅಪ್ಪ ಅಮ್ಮ ಮತ್ತೆ ಬೆಂಗಳೂರಿಗೆ ಹೊರಡುವವರು. ಕಳೆದ ವಾರ ದೊಡ್ಡ ಸರ, ಟೀಚರ್ ಮತ್ತು ನಾನು ಅವರ ಮನೆಗೆ ಹೋಗಿ, ಇವಳನ್ನಾದರೂ ಅಜ್ಜಿಯ ಹತ್ತಿರ ಬಿಟ್ಟು ಹೋಗಿ ಎಂದು ಕೇಳಿದೆವು. ಅಪ್ಪ ಏನೂ ಹೇಳಲಿಲ್ಲ. ಅಮ್ಮ, ‘ಸಣ್ಣ ಕೂಸನ್ನ ಯಾರು ನೋಡ್ಕೋಬೇಕ್ರೀ ಅಲ್ಲಿ?’ ಎಂದಳು. ಆರು ತಿಂಗಳ ತಮ್ಮನಿದ್ದಾನೆ. ಅದಕ್ಕೆ ನಮ್ಮ ಮೂವರ ಹತ್ತಿರವೂ ಉತ್ತರ ಇರಲಿಲ್ಲ. ಅಜ್ಜಿ ಮಾತ್ರ, ‘ನೋಡೂಣು ತಡೀರಿ’ ಎಂದಿದ್ದಾಳೆ.

ಈ ಶನಿವಾರ ಕಲಿಕಾ ಕೇಂದ್ರದಲ್ಲಿ ನನ್ನ ಸರದಿ. ಕಳೆಯುವ ಲೆಕ್ಕದಲ್ಲಿ ಮಕ್ಕಳು ಮಾಡುವ ತಪ್ಪುಗಳ ಬಗ್ಗೆ ಅರ್ಧ ಗಂಟೆ ಮಾತನಾಡಬೇಕು. ಎದುರಿಗೆ ಮೂವತ್ತು ವರ್ಷ ಸರ್ವಿಸ್ ಆದವರು ಇರುತ್ತಾರೆ. ಆ ಹುಡುಗಿಯ ನೋಟ್‌ಬುಕ್ಕಿನ ಆರು ಪುಟ ಜೆರಾಕ್ಸ್ ಮಾಡಿಸಿಟ್ಟುಕೊಂಡಿದ್ದೇನೆ, ಹೆಸರಿನ ಮೇಲೆ ಬಿಳಿ ಚೀಟಿ ಅಂಟಿಸಿ. ಅವಳನ್ನು ಕೇಳಿಯೇ ತಗೊಂಡೆ. ಸ್ವಲ್ಪ ಹೊತ್ತು ಪುಟ ತಿರುವಿ ನೋಡಿ ಹೇಳಿದಳು: ‘ಬರೇ ತಪ್ಪು ಮಾಡಿದ್ದು ತೋರಸಬ್ಯಾಡ್ರಿ ಸರ. ಹಿಂದಿನ ಪುಟದಾಗ ಸರಿ ಮಾಡೀನಿ, ಅದೂ ತೋರಸ್ರಿ.’